ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಮಾತ್ರಕ್ಕೆ ಚಾಕು ಹದವಾಗದು

ಮಾನ್ಯ ಸಂಪಾದಕರೇ,

ಕೈಯಿಂದ ಚಾಕು ತಯಾರಿಸುವ ಹವ್ಯಾಸದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಹಿಡಿಯ ಮರ, ಹಿತ್ತಾಳೆಯ ಮೊಳೆ, ಹೊಳಪು ಎಲ್ಲಕ್ಕೂ ಧಾರಾಳವಾಗಿ ಜಾಗ ಕೊಟ್ಟಿದೆ. ಉಕ್ಕಿಗೆ ಹದ ಹಾಕುವ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡುವ ಕೆಲಸವನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದೆ: ಅಲಗನ್ನು ಕೆಂಪಗಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಬೇಕು. ಈ ಸಾಲನ್ನು ನಂಬಿ ಕೆಲಸಕ್ಕೆ ಇಳಿದವರ ಅಲಗು ನೀರಿನಲ್ಲೇ ಸೀಳಬಹುದು, ಹದವೇ ಹತ್ತದೆ ಮೆತ್ತಗೆ ಉಳಿಯಬಹುದು. ಎರಡೂ ಆಗದೆ ಗಟ್ಟಿಯಾಗಿ ಹೊರಬಂದರೆ ಕೈಜಾರಿ ನೆಲಕ್ಕೆ ಬಿದ್ದ ದಿನ ಎರಡು ತುಂಡಾಗುತ್ತದೆ, ಏಕೆಂದರೆ ಗಟ್ಟಿಯಾದ ಅಲಗನ್ನು ಮತ್ತೆ ಕಡಿಮೆ ಬಿಸಿಯಲ್ಲಿ ಕಾಯಿಸಿ ಸುಲಭವಾಗಿ ಮುರಿಯದಂತೆ ಮಾಡುವ ಟೆಂಪರಿಂಗ್ ಎಂಬ ಮಾತೇ ಆ ಬರಹದಲ್ಲಿಲ್ಲ. ಒಂದು ಅಲಗು ಚಾಕು ಎನಿಸಿಕೊಳ್ಳುವುದು ಹದದಿಂದಲೇ ಹೊರತು ಹಿಡಿಯ ಅಂದದಿಂದಲ್ಲ. ಬರಹ ಓದಿ ಕುಲುಮೆ ಹೊತ್ತಿಸಲು ಹೊರಟವರಿಗೆ ಸರಿಯಾದ ಅಳತೆಗಳು ಸಿಗಬೇಕು ಎಂಬ ಕಾರಣಕ್ಕೆ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲು ಉಕ್ಕಿನ ಆಯ್ಕೆ. ಹದ ಹತ್ತುವುದು ಇಂಗಾಲದಿಂದ. ಶೇ 0.25ಕ್ಕಿಂತ ಕಡಿಮೆ ಇಂಗಾಲ ಇರುವ ಮೈಲ್ಡ್ ಸ್ಟೀಲನ್ನು ಎಷ್ಟು ಕಾಯಿಸಿ ಎಷ್ಟು ಬೇಗ ತಣಿಸಿದರೂ ಚಾಕುವಿಗೆ ಬೇಕಾದ ಗಡಸುತನ ಬರುವುದಿಲ್ಲ. ಸಾಮಾನ್ಯವಾಗಿ ಶೇ 0.6ರಿಂದ 1ರವರೆಗೆ ಇಂಗಾಲ ಬೇಕು. ಉಕ್ಕಿನ ದರ್ಜೆಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ; ಹೊಸಬರು ಕಣ್ಣುಮುಚ್ಚಿ ಆರಿಸಬಹುದಾದದ್ದು 1084. ಇದರಲ್ಲಿ ಇಂಗಾಲ ಶೇ 0.8ರ ಆಸುಪಾಸಿನಲ್ಲಿದ್ದು, ಕಾದಾಗ ಅಷ್ಟೂ ಸುಲಭವಾಗಿ ಕರಗುತ್ತದೆ. ಜೊತೆಗೆ ಶೇ 0.6ರಿಂದ 0.9ರಷ್ಟು ಮ್ಯಾಂಗನೀಸ್ ಇರುವುದರಿಂದ ಎಣ್ಣೆಯಲ್ಲಿ ತಣಿಸಿದರೂ ಹದ ಹತ್ತುತ್ತದೆ. 1095ರಲ್ಲಿ ಇಂಗಾಲ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಹೆಸರುವಾಸಿ ಉಕ್ಕು ಎಂದು ಹೊಸಬರು ಇದನ್ನೇ ಕೊಳ್ಳುತ್ತಾರೆ, ಆದರೆ ತಣಿಸುವಾಗ ಅತಿ ಕಡಿಮೆ ಸಮಯ ಕೊಡುವ ಉಕ್ಕೂ ಇದೇ. 5160ರಲ್ಲಿ ಇಂಗಾಲ ಶೇ 0.6, ಜೊತೆಗೆ ಸ್ವಲ್ಪ ಕ್ರೋಮಿಯಂ. ದೊಡ್ಡ ಅಲಗಿಗೆ, ಏಟು ತಾಳಬೇಕಾದ ಕತ್ತಿಗೆ ಹೇಳಿಮಾಡಿಸಿದ್ದು. 52100 ಮತ್ತು ಒ1 ಒಳ್ಳೆಯ ಉಕ್ಕುಗಳೇ, ಆದರೆ ಸರಿಯಾದ ಉಷ್ಣತೆಯಲ್ಲಿ 10ರಿಂದ 15 ನಿಮಿಷ ಅಲುಗಾಡದೆ ನಿಲ್ಲಿಸಬಲ್ಲ ಒಲೆ ಇದ್ದವರು ಮಾತ್ರ ಅವುಗಳ ಕಡೆ ನೋಡಬೇಕು. ಸ್ಟೇನ್‌ಲೆಸ್ ಉಕ್ಕಿಗೆ 1000 ಡಿಗ್ರಿ ಸೆಲ್ಸಿಯಸ್ ದಾಟಿದ ನಿಖರ ಉಷ್ಣತೆ ಬೇಕು. ತೆರೆದ ಕುಲುಮೆಯಲ್ಲಿ ಅದರ ಗೊಡವೆ ಬೇಡ.

ಗುಜರಿಯಿಂದ ತಂದ ವಾಹನದ ಲೀಫ್ ಸ್ಪ್ರಿಂಗ್, ಹಳೆಯ ಅರಗಳಿಂದ ಚಾಕು ಆಗುತ್ತದೆ. ಆದರೆ ಅವು ಯಾವ ಉಕ್ಕು ಎಂಬ ಖಾತರಿ ಇರುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್‌ನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿದ್ದು ತಣಿಸುವಾಗ ಬಾಯಿ ಬಿಡುವುದೂ ಉಂಟು. ಕೆಲವು ಅಗ್ಗದ ಅರಗಳಲ್ಲಿ ಮೇಲ್ಮೈ ಮಾತ್ರ ಗಟ್ಟಿ, ಒಳಗೆ ಮೆತ್ತನೆಯ ಕಬ್ಬಿಣ. ಹಾಗಾಗಿ ಗುಜರಿ ಉಕ್ಕಿನಿಂದ ಮೊದಲು ಕಿರುಬೆರಳುದ್ದದ ಒಂದು ತುಂಡು ಕತ್ತರಿಸಿ, ಹದ ಹಾಕಿ, ವೈಸ್‌ನಲ್ಲಿ ಬಿಗಿದು ಮುರಿದು ನೋಡದೆ ಅಲಗು ಬಡಿಯಲು ಕೂರಬಾರದು. ಸತುವಿನ ಲೇಪ ಇರುವ ಯಾವುದನ್ನೂ ಕುಲುಮೆಗೆ ಹಾಕಬಾರದು. ಅದರ ಹೊಗೆ ಜ್ವರ, ಉಸಿರಾಟದ ತೊಂದರೆ ತರುತ್ತದೆ.

ಹದ ಹಾಕುವಾಗ ಉಕ್ಕಿನೊಳಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಉಳಿದ ಅಳತೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಇಂಗಾಲದ ಉಕ್ಕು 727 ಡಿಗ್ರಿ ದಾಟಿದಾಗ ಅದರ ಹರಳಿನ ರಚನೆಯೇ ಬದಲಾಗಿ ಆಸ್ಟೆನೈಟ್ ಆಗುತ್ತದೆ. ಈ ರಚನೆಯೊಳಗೆ ಇಂಗಾಲ ಕರಗಿ ಹರಡಿಕೊಳ್ಳುತ್ತದೆ. ನಿಧಾನವಾಗಿ ತಣಿದರೆ ಇಂಗಾಲ ಮತ್ತೆ ಬೇರ್ಪಟ್ಟು, ಮೆತ್ತನೆಯ ಪರ್ಲೈಟ್ ಉಳಿಯುತ್ತದೆ. ಬೇರ್ಪಡಲು ಸಮಯ ಕೊಡದೆ ತಣಿಸಿದರೆ ಇಂಗಾಲ ಒಳಗೇ ಸಿಕ್ಕಿಬಿದ್ದು, ಸುಮಾರು 200ರಿಂದ 250 ಡಿಗ್ರಿಯ ಕೆಳಗೆ ಮಾರ್ಟೆನ್ಸೈಟ್ ಎಂಬ ಅತಿ ಗಡಸು ರಚನೆ ಮೂಡುತ್ತದೆ. ಪರ್ಲೈಟ್ ಅತಿ ವೇಗವಾಗಿ ಮೂಡುವುದು 540 ಡಿಗ್ರಿಯ ಆಸುಪಾಸಿನಲ್ಲಿ. ಆ ಹಂತವನ್ನು ಅಲಗು ತಪ್ಪಿಸಿಕೊಂಡು ದಾಟಬೇಕು. 1095ಕ್ಕೆ ಇದಕ್ಕಿರುವ ಸಮಯ ಸುಮಾರು ಒಂದು ಸೆಕೆಂಡ್ ಮಾತ್ರ. 5160, ಒ1ಗೆ ಹಲವು ಸೆಕೆಂಡ್ ಸಿಗುತ್ತದೆ. ಮಾರ್ಟೆನ್ಸೈಟ್ ಮೂಡುವಾಗ ಉಕ್ಕು ಸ್ವಲ್ಪ ಹಿಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಲಗಿನ ಒಂದು ಭಾಗ ಮೊದಲು ಹಿಗ್ಗಿ ಇನ್ನೊಂದು ಆಮೇಲೆ ಹಿಗ್ಗಿದರೆ ಸೊಟ್ಟವಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಸುತ್ತಿಗೆಯಿಂದ ಬಡಿದು ರೂಪ ಕೊಟ್ಟ ಅಲಗಿಗೆ ನೇರವಾಗಿ ಹದ ಹಾಕಬಾರದು. ಬಡಿಯುವಾಗ ಪದೇ ಪದೇ ಹೆಚ್ಚು ಕಾದು ಉಕ್ಕಿನೊಳಗಿನ ಹರಳಿನ ಕಣಗಳು ದಪ್ಪಗಾಗಿರುತ್ತವೆ, ಒಳಗೆ ಬಿಗಿತ ತುಂಬಿರುತ್ತದೆ. ಇದಕ್ಕೆ ನಾರ್ಮಲೈಸಿಂಗ್ ಮಾಡಬೇಕು: ಅಲಗನ್ನು 870 ಡಿಗ್ರಿಗೆ ಸಮನಾಗಿ ಕಾಯಿಸಿ, ನಿಂತ ಗಾಳಿಯಲ್ಲಿ ತೂಗುಹಾಕಿ, ಕೆಂಪು ಪೂರ್ತಿ ಆರಿ ಕಪ್ಪಾಗುವವರೆಗೆ ಬಿಡಬೇಕು. ಎರಡನೇ ಸಲ 840, ಮೂರನೇ ಸಲ 800 ಡಿಗ್ರಿ. ಪ್ರತಿ ಸಲ ಉಷ್ಣತೆ ಇಳಿಸುತ್ತಾ ಬಂದಂತೆ ಕಣ ಸಣ್ಣದಾಗುತ್ತದೆ. ಕಾದ ಅಲಗನ್ನು ತಣ್ಣನೆಯ ಅಡಿಗಲ್ಲಿನ ಮೇಲಿಟ್ಟರೆ ಅಥವಾ ಫ್ಯಾನಿನ ಮುಂದೆ ಹಿಡಿದರೆ ಒಂದು ಬದಿ ಬೇಗ ತಣಿದು ಸೊಟ್ಟವಾಗುತ್ತದೆ. ಬಡಿಯದೆ, ತಯಾರಾದ ಪಟ್ಟಿಯಿಂದ ಕತ್ತರಿಸಿ ಉಜ್ಜಿ ಮಾಡಿದ ಅಲಗಿಗೆ ಈ ಮೂರು ಸುತ್ತು ಕಡ್ಡಾಯವಲ್ಲ. ಮಾಡಿದರೆ ನಷ್ಟವೇನೂ ಇಲ್ಲ.

ತಣಿಸುವ ಮೊದಲೇ ಮುಗಿಸಬೇಕಾದ ಕೆಲಸಗಳು ಕೆಲವಿವೆ. ಹಿಡಿಯ ಮೊಳೆಗಳಿಗೆ ತೂತು ಈಗಲೇ ಕೊರೆಯಬೇಕು, ಹದ ಹತ್ತಿದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಬಾಯಿಯನ್ನು ಈಗಲೇ ಹರಿತ ಮಾಡಬಾರದು, ಅಂಚಿನಲ್ಲಿ 0.8ರಿಂದ 1 ಮಿಲಿಮೀಟರ್ ದಪ್ಪ ಉಳಿಸಿಕೊಳ್ಳಬೇಕು. ತೀರಾ ತೆಳುವಾದ ಅಂಚು ಎಣ್ಣೆಯಲ್ಲಿ ಅಲೆಯಲೆಯಾಗಿ ಮಡಿಚಿಕೊಳ್ಳುತ್ತದೆ. ಜೊತೆಗೆ ಕುಲುಮೆಯ ಗಾಳಿಗೆ ಮೇಲ್ಪದರದ ಇಂಗಾಲ ಸುಟ್ಟುಹೋಗಿರುತ್ತದೆ, ಆ ಸತ್ತ ಪದರವನ್ನು ಆಮೇಲೆ ಉಜ್ಜಿ ತೆಗೆಯಲು ಈ ದಪ್ಪ ಬೇಕು. ಅಡ್ಡಡ್ಡ ಬಿದ್ದ ಆಳವಾದ ಗೀರುಗಳಿಂದಲೇ ಬಿರುಕು ಶುರುವಾಗುವುದು. 120 ನಂಬರಿನ ಎಮರಿ ಕಾಗದದಿಂದ, ಅಲಗಿನ ಉದ್ದಕ್ಕೆ ಉಜ್ಜಿ ಅವನ್ನೆಲ್ಲ ತೆಗೆಯಬೇಕು. ಅಲಗು ಮುಗಿದು ಹಿಡಿಯೊಳಗೆ ಸೇರುವ ಬಾಲ ಶುರುವಾಗುವ ಮೂಲೆ ಚೂಪಾಗಿದ್ದರೆ ದುಂಡು ಅರದಿಂದ ಅದನ್ನು ದುಂಡಗೆ ಮಾಡಬೇಕು, ಒತ್ತಡ ಬಂದು ಕೂರುವುದೇ ಅಲ್ಲಿ.

ಈಗ ಕಾಯಿಸುವ ವಿಷಯ. ಕೆಂಪು ಎಂಬುದು ಅಳತೆಯೇ ಅಲ್ಲ. ಉಕ್ಕು 600 ಡಿಗ್ರಿಯಲ್ಲೂ ಕೆಂಪು, 900ರಲ್ಲೂ ಕೆಂಪು ಬೆರೆತ ಕಿತ್ತಳೆ. ಅದೇ 815 ಡಿಗ್ರಿಯ ಅಲಗು ಬಿಸಿಲಿನಲ್ಲಿ ಮಂಕಾದ ಕಡುಗೆಂಪಾಗಿ, ಕತ್ತಲ ಕೋಣೆಯಲ್ಲಿ ಹೊಳೆಯುವ ಕಿತ್ತಳೆಯಾಗಿ ಕಾಣುತ್ತದೆ. ಬಿಸಿಲಿನಲ್ಲಿ ಬಣ್ಣ ನೋಡಿ ಕಾಯಿಸಿದವರು ಗೊತ್ತಿಲ್ಲದೆ 900 ದಾಟಿಸುತ್ತಾರೆ. ಕುಲುಮೆ ಯಾವಾಗಲೂ ನೆರಳಿನಲ್ಲಿ, ಒಂದೇ ಬಗೆಯ ಬೆಳಕಿನಲ್ಲಿ ಇರಬೇಕು.

ಅಯಸ್ಕಾಂತದ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಉಕ್ಕು ಆಸ್ಟೆನೈಟ್ ಆದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಮೆತ್ತನೆಯ ಕಬ್ಬಿಣದಲ್ಲಿ ಇದು 770 ಡಿಗ್ರಿಯಲ್ಲಿ ಆಗುತ್ತದೆ, ಶೇ 0.8 ಇಂಗಾಲದ ಉಕ್ಕಿನಲ್ಲಿ ಅದಕ್ಕೂ ಮೊದಲೇ, 727 ದಾಟಿ ರಚನೆ ಬದಲಾಗುತ್ತಿದ್ದಂತೆಯೇ ಆಗಿಬಿಡುತ್ತದೆ. ಆದ್ದರಿಂದ ಅಯಸ್ಕಾಂತ ಬಿಟ್ಟ ತಕ್ಷಣ ಎಣ್ಣೆಗೆ ಅದ್ದಿದರೆ ಇಂಗಾಲ ಇನ್ನೂ ಪೂರ್ತಿ ಕರಗಿರುವುದಿಲ್ಲ, ಅರ್ಧಂಬರ್ಧ ಹದ ಹತ್ತುತ್ತದೆ. ಅಲ್ಲಿಂದ ಮೇಲಕ್ಕೆ ಇನ್ನೂ 60ರಿಂದ 80 ಡಿಗ್ರಿ ಏರಿಸಬೇಕು. 1084ಕ್ಕೆ 815, 1095ಕ್ಕೆ 800, 5160ಕ್ಕೆ 830 ಡಿಗ್ರಿ ಎಂದು ಇಟ್ಟುಕೊಂಡರೆ ಸಾಕು. ಇಲ್ಲಿ ಅಡುಗೆ ಉಪ್ಪು ಒಳ್ಳೆಯ ಸಾಕ್ಷಿ. ಅದು ಕರಗುವುದು 801 ಡಿಗ್ರಿಯಲ್ಲಿ. ಅಷ್ಟೇ ದಪ್ಪದ ಬೇರೊಂದು ಉಕ್ಕಿನ ತುಂಡಿನ ಮೇಲೆ ಚಿಟಿಕೆ ಉಪ್ಪಿಟ್ಟು ಅಲಗಿನ ಪಕ್ಕದಲ್ಲೇ ಕಾಯಿಸಿ, ಉಪ್ಪು ನೀರಾದಾಗಿನ ಬಣ್ಣವನ್ನು ಕಣ್ಣಲ್ಲಿ ತುಂಬಿಕೊಳ್ಳಬೇಕು. ಅಲಗಿನ ಮೇಲೇ ಉಪ್ಪು ಹಾಕುವುದು ಬೇಡ, ತುಕ್ಕು ಹಿಡಿಸುತ್ತದೆ.

ಇದಕ್ಕಿಂತ ಚೆಂದದ ಗುರುತು ಉಕ್ಕೇ ತೋರಿಸುವ ನೆರಳು. ಮಬ್ಬು ಬೆಳಕಿನಲ್ಲಿ ಕುಲುಮೆಯೊಳಗಿನ ಅಲಗನ್ನು ಎವೆಯಿಕ್ಕದೆ ನೋಡುತ್ತಿದ್ದರೆ ಬಣ್ಣ ಕಡುಗೆಂಪಿನಿಂದ ಒಂದೇ ಸಮನೆ ಏರುತ್ತಾ ಬರುತ್ತದೆ. ಒಂದು ಹಂತದಲ್ಲಿ ತೆಳುವಾದ ಬಾಯಿ ಬೆಳಗುತ್ತದೆ, ಅದರ ಹಿಂದೆ ದಪ್ಪಗಿನ ಭಾಗದಲ್ಲಿ ಕಪ್ಪು ಛಾಯೆಗಳು ಅತ್ತಿತ್ತ ತೇಲಾಡುತ್ತವೆ. ರಚನೆ ಬದಲಾಗುವಾಗ ಉಕ್ಕು ಶಾಖವನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಆ ಜಾಗದ ಬಣ್ಣ ಏರದೆ ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ನೆರಳಾಗಿ ಕಾಣುವುದು ಅದೇ. ನೆರಳು ಬೆನ್ನಿನ ಕಡೆಗೆ ಸರಿಯುತ್ತಾ ಸರಿಯುತ್ತಾ ಪೂರ್ತಿ ಮಾಯವಾಗಿ, ಇಡೀ ಅಲಗು ಒಂದೇ ಬಣ್ಣಕ್ಕೆ ಬಂದ ಮೇಲೆ ಇನ್ನೊಂದು ಛಾಯೆ ಏರಿಸಿದರೆ ಸರಿಯಾದ ಉಷ್ಣತೆ. ಅದೇ ಅಲಗನ್ನು ಹೊರತೆಗೆದು ಗಾಳಿಯಲ್ಲಿ ಹಿಡಿದರೆ ಇದರ ತಿರುಗುಮುರುಗು ಕಾಣುತ್ತದೆ: ಬಣ್ಣ ಆರುತ್ತಾ ಬಂದು, ಒಳಗಿನ ಶಾಖ ಹೊರಬೀಳುವಾಗ ಒಂದು ಕ್ಷಣ ಮತ್ತೆ ಬೆಳಗುತ್ತದೆ. ನಾರ್ಮಲೈಸಿಂಗ್ ಮಾಡುವಾಗಲೇ ಇದನ್ನು ನೋಡಿ ಕಣ್ಣು ಪಳಗಿಸಿಕೊಂಡರೆ ಹದ ಹಾಕುವ ಹೊತ್ತಿಗೆ ಗೊಂದಲ ಇರುವುದಿಲ್ಲ.

ಹೆಚ್ಚಿನ ಉಷ್ಣತೆ ಅಳೆಯುವ ಕೆ ವರ್ಗದ ಥರ್ಮೋಕಪಲ್ ಒಂದನ್ನು ಅಲಗಿನ ಪಕ್ಕಕ್ಕೇ ಇಟ್ಟರೆ ಊಹೆಯ ಕೆಲಸ ಇನ್ನಷ್ಟು ಕಡಿಮೆಯಾಗುತ್ತದೆ. ಕುಲುಮೆಯೊಳಗೆ ಒಂದು ದಪ್ಪ ಉಕ್ಕಿನ ಪೈಪನ್ನು ಅಡ್ಡ ಇಟ್ಟು, ಅದರೊಳಗೆ ಅಲಗು ಇಡುವುದು ನನಗೆ ತುಂಬಾ ಒಪ್ಪಿಗೆಯಾದ ವಿಧಾನ. ಜ್ವಾಲೆ ನೇರವಾಗಿ ತಾಗದೆ ಅಲಗು ಸಮನಾಗಿ ಕಾಯುತ್ತದೆ, ಕಿಟ್ಟವೂ ಕಡಿಮೆ ಕಟ್ಟುತ್ತದೆ. ಪೈಪಿಗೆ ಸತುವಿನ ಲೇಪ ಇರಬಾರದು. ತುದಿ ಎಲ್ಲಕ್ಕಿಂತ ತೆಳುವಾದ್ದರಿಂದ ಮೊದಲು ಕಾಯುವುದೂ ಮೊದಲು ಕೆಡುವುದೂ ಅದೇ. ಆಗಾಗ ಅಲಗನ್ನು ಹಿಂದೆ ಮುಂದೆ ಸರಿಸಿ ತುದಿಯನ್ನು ಬಿಸಿಯ ನಡುವಿನಿಂದ ತಪ್ಪಿಸಬೇಕು. 1084 ಸಮನಾಗಿ 815ಕ್ಕೆ ಬಂದ ಮೇಲೆ 2ರಿಂದ 5 ನಿಮಿಷ ಅಲ್ಲೇ ನಿಂತರೆ ಸಾಕು.

ಹೆಚ್ಚು ಕಾದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಡೆಯುವುದು ಉಲ್ಟಾ. ಉಷ್ಣತೆ ಏರಿದಷ್ಟೂ ಕಣಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ, ಅಲಗು ಸುಲಭವಾಗಿ ಮುರಿಯುವಂತಾಗುತ್ತದೆ. 1095, 52100ರಂಥ ಹೆಚ್ಚು ಇಂಗಾಲದ ಉಕ್ಕುಗಳಲ್ಲಿ ಇನ್ನೊಂದು ತೊಂದರೆ: ಅತಿಯಾಗಿ ಕಾದಾಗ ಅಗತ್ಯಕ್ಕಿಂತ ಹೆಚ್ಚು ಇಂಗಾಲ ಕರಗಿ, ತಣಿದ ಮೇಲೂ ಸ್ವಲ್ಪ ಆಸ್ಟೆನೈಟ್ ಮಾರ್ಟೆನ್ಸೈಟ್ ಆಗದೆ ಹಾಗೇ ಉಳಿದುಬಿಡುತ್ತದೆ, ಗಡಸುತನವೇ ಇಳಿಯುತ್ತದೆ. ಇದನ್ನು ಪತ್ತೆಹಚ್ಚುವ ದಾರಿ ಪರೀಕ್ಷೆಯ ತುಂಡು ಮುರಿಯುವುದೊಂದೇ. ಮುರಿದ ಮೈ ಮಂಕಾದ ಬೂದು ಬಣ್ಣಕ್ಕಿದ್ದು, ಬೆಳಕಿಗೆ ತಿರುಗಿಸಿದರೂ ಕಣ ಕಾಣದೆ ನುಣ್ಣಗಿದ್ದರೆ ಉಷ್ಣತೆ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಮಿತಿ ಮೀರಿದೆ. ಮುರಿಯುವಾಗ ತುಂಡನ್ನು ಬಟ್ಟೆಯಲ್ಲಿ ಸುತ್ತಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಚೂರು ಗುಂಡಿನ ವೇಗದಲ್ಲಿ ಹಾರುತ್ತದೆ.

ತಣಿಸಲು ನೀರೇ, ಎಣ್ಣೆಯೇ? ಮೇಲೆ ಹೇಳಿದ ಉಕ್ಕುಗಳಿಗೆಲ್ಲ ಎಣ್ಣೆಯೇ ಎಂದು ಖಂಡಿತವಾಗಿ ಹೇಳುತ್ತೇನೆ. ಕಾದ ಅಲಗು ನೀರಿಗಿಳಿದಾಗ ಸುತ್ತಲೂ ಆವಿಯ ಪೊರೆ ಕಟ್ಟುತ್ತದೆ. ಪೊರೆ ಇದ್ದಲ್ಲಿ ಶಾಖ ಇಳಿಯುವುದು ನಿಧಾನ, ಒಡೆದಲ್ಲಿ ವಿಪರೀತ ವೇಗ. ಒಂದೇ ಅಲಗಿನ ಅಕ್ಕಪಕ್ಕದ ಜಾಗಗಳು ಹೀಗೆ ಬೇರೆ ಬೇರೆ ವೇಗದಲ್ಲಿ ತಣಿದು ಹಿಗ್ಗುವುದರಿಂದಲೇ ನೀರಿನೊಳಗಿನಿಂದ ಟಿಣ್ ಎಂಬ ಸದ್ದು ಬರುವುದು. ಆ ಸದ್ದು ಬಂದ ಅಲಗಿನಲ್ಲಿ ಬಿರುಕಿದೆ, ಅದನ್ನು ಉಳಿಸುವ ಉಪಾಯವಿಲ್ಲ. ನೀರಿಗೆ ಶೇ 7ರಿಂದ 10ರಷ್ಟು ಉಪ್ಪು ಬೆರೆಸಿದರೆ ಪೊರೆ ಬೇಗ ಒಡೆದು ತಣಿಯುವಿಕೆ ಸಮನಾಗುತ್ತದೆ ನಿಜ, ವೇಗ ಮಾತ್ರ ಇನ್ನೂ ಹೆಚ್ಚುತ್ತದೆ. ಅದು ಕೈ ಪಳಗಿದವರ ದಾರಿ, ಅವರೂ ಕೆಲವು ಅಲಗು ಕಳೆದುಕೊಳ್ಳಲು ಸಿದ್ಧರಾಗಿಯೇ ನೀರಿಗಿಳಿಸುತ್ತಾರೆ.

1084, 5160ಕ್ಕೆ ಶೇಂಗಾ ಅಥವಾ ಕನೋಲಾ ಎಣ್ಣೆ ನಡೆಯುತ್ತದೆ. ಅದನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿನ ಸುತ್ತ ಚುರುಕಾಗಿ ಹರಿಯುವುದರಿಂದ ತಣ್ಣನೆಯ ಎಣ್ಣೆಗಿಂತ ಬೇಗ ತಣಿಸುತ್ತದೆ, ಇದು ಹಲವರಿಗೆ ನಂಬಲು ಕಷ್ಟ. ಎಣ್ಣೆ ಬೆಚ್ಚಗೆ ಮಾಡಲು ಒಂದು ಹಳೆಯ ಉಕ್ಕಿನ ತುಂಡನ್ನು ಕಾಯಿಸಿ ಅದಕ್ಕೆ ಅದ್ದಿ, ಕಲಕಿ, ಥರ್ಮಾಮೀಟರ್ ನೋಡಿದರಾಯಿತು. 1095ಕ್ಕೆ ಮಾತ್ರ ಅಡುಗೆ ಎಣ್ಣೆ ಸಾಲದು. ಉಕ್ಕು ತಣಿಸಲೆಂದೇ ತಯಾರಾಗುವ ವೇಗದ ಕ್ವೆಂಚಿಂಗ್ ಎಣ್ಣೆ ಬೇಕು, ಅದನ್ನು ಎಷ್ಟು ಬಿಸಿಯಲ್ಲಿ ಬಳಸಬೇಕೆಂಬುದನ್ನು ಡಬ್ಬದ ಮೇಲಿನ ಸೂಚನೆಯಂತೆಯೇ ಪಾಲಿಸಬೇಕು. ಅಡುಗೆ ಎಣ್ಣೆ ಕಾಲಕ್ರಮೇಣ ಕಮಟಿ ಮಂದವಾಗುತ್ತದೆ, ಆಗ ಬದಲಿಸಬೇಕು. ವಾಹನದಿಂದ ಇಳಿಸಿದ ಹಳೆಯ ಎಂಜಿನ್ ಎಣ್ಣೆಯನ್ನು ಯಾರೇ ಹೇಳಿದರೂ ಬಳಸಬಾರದು. ಅದರಲ್ಲಿರುವ ಲೋಹದ ಕಣ, ಸುಟ್ಟ ಉಳಿಕೆಗಳ ಹೊಗೆ ಶ್ವಾಸಕೋಶಕ್ಕೆ ವಿಷ. ಅದು ಎಷ್ಟು ವೇಗವಾಗಿ ತಣಿಸುತ್ತದೆ ಎಂಬುದಕ್ಕೂ ಲೆಕ್ಕವಿಲ್ಲ.

ಪಾತ್ರೆ ಲೋಹದ್ದೇ ಆಗಿರಬೇಕು, ಅಲಗು ಪೂರ್ತಿ ಮುಳುಗಿ ಮೇಲೆ ಕೆಳಗೆ ಆಡಿಸುವಷ್ಟು ಆಳ ಇರಬೇಕು, ಬಿಗಿಯಾಗಿ ಕೂರುವ ಲೋಹದ ಮುಚ್ಚಳ ಕೈಗೆಟುಕುವಲ್ಲಿ ಇರಬೇಕು. ಸುಮಾರು 250 ಗ್ರಾಂ ತೂಕದ ಅಲಗಿಗೆ 4 ಲೀಟರ್ ಎಣ್ಣೆ ಇಟ್ಟುಕೊಂಡರೆ ಪ್ರತಿ ಸಲ ಎಣ್ಣೆಯ ಬಿಸಿ ಏರುವುದು 15ರಿಂದ 20 ಡಿಗ್ರಿ. ಒಂದು ಲೀಟರ್ ಡಬ್ಬದಲ್ಲಿ ಅದ್ದಲು ಹೋದರೆ ಎಣ್ಣೆ ತಾನೇ ವಿಪರೀತ ಕಾದು ಅಲಗನ್ನು ತಣಿಸಲಾರದು, ಬೆಂಕಿಯೂ ಹತ್ತೀತು. ಎಣ್ಣೆಯ ತಳದಲ್ಲಿ ನೀರಿನ ಪಸೆ ಸಹ ಇರಬಾರದು. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗಿ ಕಾದ ಎಣ್ಣೆಯನ್ನು ಮೇಲಕ್ಕೆಸೆಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚುವುದೇ ಮೊದಲ ಕೆಲಸ, ಒಣ ಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಬೇಕು, ನೀರು ಸುರಿಯಲೇಬಾರದು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ತೊಟ್ಟು ಈ ಕೆಲಸಕ್ಕೆ ನಿಲ್ಲಬಾರದು, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆ, ಚರ್ಮದ ಏಪ್ರನ್, ಮುಚ್ಚಿದ ಬೂಟು ಬೇಕು.

ಅದ್ದುವ ಕೆಲಸ ಒಂದೆರಡು ಸೆಕೆಂಡಿನದು. ಎಣ್ಣೆಯ ಪಾತ್ರೆ ಕುಲುಮೆಯ ಬಾಯಿಂದ ಕೈಯಳತೆಯಲ್ಲೇ ಇರಬೇಕು, ಏಕೆಂದರೆ ಅಲಗಿನ ತೆಳುವಾದ ಬಾಯಿ ಬರಿಯ ಗಾಳಿಗೇ ಬೇಗ ಶಾಖ ಕಳೆದುಕೊಳ್ಳುತ್ತದೆ. ಬಾಲವನ್ನು ಇಕ್ಕಳದಲ್ಲಿ ಭದ್ರವಾಗಿ ಹಿಡಿದು, ತುದಿ ಕೆಳಗಾಗಿ ಒಂದೇ ಏಟಿಗೆ ನೇರವಾಗಿ ಇಳಿಸಬೇಕು. ಅರ್ಧ ಮುಳುಗಿಸಿ ತಡೆದರೆ ಎಣ್ಣೆಯ ಮೇಲ್ಮೈಯಲ್ಲಿರುವ ಕೆಂಪು ಉಕ್ಕೇ ಬೆಂಕಿ ಹಚ್ಚುತ್ತದೆ. ಒಳಗಿಳಿದ ಮೇಲೆ ಮೇಲೆ ಕೆಳಗೆ, ಇಲ್ಲವೇ ಬಾಯಿಯಿಂದ ಬೆನ್ನಿನ ದಿಕ್ಕಿಗೆ ಕತ್ತರಿಸುವ ಹಾಗೆ ಆಡಿಸಬೇಕು. ಅಗಲದ ಮೈ ಎಣ್ಣೆಗೆ ಎದುರಾಗುವಂತೆ ಪಕ್ಕಕ್ಕೆ ಬೀಸಿದರೆ ಒಂದು ಬದಿ ಮೊದಲು ತಣಿದು ಅಲಗು ಆ ಕಡೆಗೋ ಈ ಕಡೆಗೋ ಬಾಗುತ್ತದೆ. ನಾನು ನೋಡಿದ ಸೊಟ್ಟ ಅಲಗುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ, ಉಕ್ಕಿನ ದೋಷವಲ್ಲ.

ಸುಮಾರು 10 ಸೆಕೆಂಡ್ ಆದ ಮೇಲೆ, ಹೊಗೆ ಬರುವುದು ನಿಲ್ಲುತ್ತಿದ್ದಂತೆ ಅಲಗನ್ನು ಹೊರತೆಗೆದು ಬೆನ್ನಿನುದ್ದಕ್ಕೆ ಕಣ್ಣು ಹಾಯಿಸಬೇಕು. ಆಗ ಅದು 200 ಡಿಗ್ರಿಯ ಆಸುಪಾಸಿನಲ್ಲಿದ್ದು, ಮಾರ್ಟೆನ್ಸೈಟ್ ಇನ್ನೂ ಪೂರ್ತಿ ಮೂಡಿರುವುದಿಲ್ಲ. ಬಾಗಿದ್ದರೆ ದಪ್ಪ ಚರ್ಮದ ಕೈಗವಸು ತೊಟ್ಟು ನೇರ ಮಾಡಲು, ಅಥವಾ ಎರಡು ಚಪ್ಪಟೆ ಲೋಹದ ಪಟ್ಟಿಗಳ ನಡುವೆ ಇಟ್ಟು ವೈಸ್‌ನಲ್ಲಿ ಬಿಗಿಯಲು ಸಿಗುವುದು ಈ ಕೆಲವೇ ಸೆಕೆಂಡುಗಳು. ಕೈಗೆ ಬಿಗಿ ತಗುಲಿದೊಡನೆ ನಿಲ್ಲಿಸಬೇಕು. ಪೂರ್ತಿ ತಣಿದ, ಟೆಂಪರಿಂಗ್ ಆಗದ ಅಲಗನ್ನು ಬಾಗಿಸಲು ಹೋದರೆ ಕೈಯಲ್ಲೇ ಮುರಿಯುತ್ತದೆ.

ಹದ ಹತ್ತಿತೋ ಇಲ್ಲವೋ ಎಂಬುದಕ್ಕೆ ಅರವೇ ಪರೀಕ್ಷೆ. ಹರಿತವಾದ ಹೊಸ ಅರವನ್ನು ಬಾಯಿಯ ಮೇಲೆ ಹಗುರಾಗಿ ಎಳೆದಾಗ ಗಾಜಿನ ಮೇಲೆ ಎಳೆದ ಸದ್ದು ಬಂದು ಜಾರಿದರೆ ಹತ್ತಿದೆ. ಕಚ್ಚಿದರೆ ತಕ್ಷಣ ನಿರಾಶೆ ಬೇಡ, ಅದು ಇಂಗಾಲ ಸುಟ್ಟುಹೋದ ಮೇಲ್ಪದರ ಇರಬಹುದು. ನಾಲ್ಕಾರು ಸಲ ಉಜ್ಜಿ ಒಳಗಿನ ಉಕ್ಕು ಸಿಕ್ಕಾಗ ಜಾರುತ್ತದೆಯೇ ನೋಡಬೇಕು. ಆಗಲೂ ಕಚ್ಚುತ್ತಿದ್ದರೆ ಕಾಯಿಸಿದ್ದು ಕಡಿಮೆ, ಅದ್ದಿದ್ದು ತಡ, ಅಥವಾ ಉಕ್ಕೇ ಬೇರೆ. ಸರಿಯಾಗಿ ತಣಿದ 1084 ಈ ಹಂತದಲ್ಲಿ ಗಡಸುತನದ ರಾಕ್‌ವೆಲ್ ಸಿ ಅಳತೆಯಲ್ಲಿ 65ರ ಸುತ್ತಮುತ್ತ ಇರುತ್ತದೆ.

ಟೆಂಪರಿಂಗ್ ಎಂಬುದು ಬೇಕಾದರೆ ಮಾಡುವ, ಬೇಡವಾದರೆ ಬಿಡುವ ಕೆಲಸವಲ್ಲ. ತಣಿಸಿ ಹಾಗೇ ಇಟ್ಟ ಅಲಗಿನೊಳಗೆ ಎಷ್ಟು ಬಿಗಿತ ಇರುತ್ತದೆಂದರೆ, ರಾತ್ರಿ ಮೇಜಿನ ಮೇಲಿಟ್ಟದ್ದು ಬೆಳಗಾಗುವಷ್ಟರಲ್ಲಿ ತಾನಾಗಿ ಬಿರುಕು ಬಿಡುವುದೂ ಇದೆ. ಅಲಗು ಕೈಯಲ್ಲಿ ಹಿಡಿಯುವಷ್ಟು ತಣಿಯಬೇಕು, ಅದಕ್ಕೂ ಮೊದಲು ಒಲೆಗಿಡುವುದೂ ತಪ್ಪು, ಏಕೆಂದರೆ ಮಾರ್ಟೆನ್ಸೈಟ್ ಮೂಡುವುದು ಮುಗಿದಿರುವುದಿಲ್ಲ. ತಣಿದ ಗಂಟೆಯೊಳಗೆ ಒಲೆ ಸೇರಬೇಕು. ಎಣ್ಣೆಯನ್ನು ಸೋಪು ಹಾಕಿ ತೊಳೆದು ಒರೆಸಿ, 200 ಡಿಗ್ರಿಯ ಓವನ್‌ನಲ್ಲಿ 2 ಗಂಟೆ ಇಟ್ಟು, ಕೋಣೆಯ ಉಷ್ಣತೆಗೆ ತಣಿಯಲು ಬಿಟ್ಟು, ಮತ್ತೆ 2 ಗಂಟೆ ಇಡಬೇಕು. ಎರಡನೇ ಸಲ ಏಕೆಂದರೆ, ಮೊದಲ ಸಲದ ನಂತರ ತಣಿಯುವಾಗ ಉಳಿದಿದ್ದ ಆಸ್ಟೆನೈಟ್‌ನಲ್ಲಿ ಸ್ವಲ್ಪ ಹೊಸ ಮಾರ್ಟೆನ್ಸೈಟ್ ಆಗಬಹುದು, ಅದಕ್ಕೂ ಟೆಂಪರಿಂಗ್ ಆಗಬೇಕು. ಇಷ್ಟಾದರೆ 1084 ರಾಕ್‌ವೆಲ್ 60ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಏಟು ಬೀಳುವ ದೊಡ್ಡ ಕತ್ತಿಗೆ ಇನ್ನೂ 20ರಿಂದ 30 ಡಿಗ್ರಿ ಹೆಚ್ಚಿಸಿ ಎರಡು ಮೂರು ಅಂಕ ಇಳಿಸಿಕೊಳ್ಳುವುದು ಒಳ್ಳೆಯದು.

ಅಡುಗೆಮನೆಯ ಓವನ್‌ನ ತಿರುಗುಗುಂಡಿ ಹೇಳುವುದನ್ನು ನಂಬಬಾರದು. ಅದು 200 ಎಂದಾಗ ಒಳಗೆ 180ರಿಂದ 225ರವರೆಗೆ ಏರಿಳಿಯುತ್ತಿರಬಹುದು. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು, ಒಂದು ತಟ್ಟೆ ಒಣ ಮರಳನ್ನು ಮುಂಚೆಯೇ ಅರ್ಧ ಗಂಟೆ ಕಾಯಿಸಿ, ಅದರೊಳಗೆ ಅಲಗು ಹೂತಿಟ್ಟರೆ ಏರಿಳಿತ ತಟ್ಟುವುದಿಲ್ಲ. ಸಂದೇಹವಿದ್ದರೆ 190ರಿಂದಲೇ ಶುರು ಮಾಡಬೇಕು. ಟೆಂಪರಿಂಗ್ ಸಾಲದೆ ಅಲಗು ಇನ್ನೂ ಸುಲಭವಾಗಿ ಮುರಿಯುವಂತಿದ್ದರೆ ಆಮೇಲೆ 10 ಡಿಗ್ರಿ ಏರಿಸಬಹುದು. ಮೀರಿ ಮೆತ್ತಗಾದ ಅಲಗಿಗೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ತಣಿಸುವಾಗ ಉಳಿದ ಸಣ್ಣ ಬಾಗನ್ನು ತೆಗೆಯಲು ಎರಡನೇ ಟೆಂಪರಿಂಗ್ ಒಳ್ಳೆಯ ಅವಕಾಶ. ಅಲಗನ್ನು ಗಟ್ಟಿಯಾದ ಆಂಗಲ್ ಪಟ್ಟಿಗೆ ಕ್ಲಾಂಪ್ ಹಾಕಿ, ನಡುವೆ ನಾಣ್ಯದಷ್ಟು ದಪ್ಪದ ಲೋಹದ ಚೂರಿಟ್ಟು ಉಲ್ಟಾ ದಿಕ್ಕಿಗೆ ಸ್ವಲ್ಪ ಹೆಚ್ಚೇ ಬಾಗಿಸಿ ಓವನ್‌ಗೆ ಇಟ್ಟರೆ ನೇರವಾಗುತ್ತದೆ.

ಉಕ್ಕಿನ ಮೇಲೆ ಮೂಡುವ ಬಣ್ಣ ನೋಡಿ ಟೆಂಪರಿಂಗ್ ಮಾಡುವ ಹಳೆಯ ಪದ್ಧತಿಗೆ ನನ್ನ ಗೌರವವಿದೆ, ಆದರೆ ಅದರ ಮಿತಿಯೂ ಗೊತ್ತಿರಬೇಕು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು 205ರಿಂದ 220 ಡಿಗ್ರಿಯಲ್ಲಿ ತಿಳಿ ಹಳದಿ, 255ರ ಹೊತ್ತಿಗೆ ಕಂದು, 280ರಲ್ಲಿ ನೇರಳೆ, 300ರ ಸುತ್ತ ನೀಲಿಯಾಗುತ್ತದೆ. ಈ ಬಣ್ಣ ಮೇಲಿನ ಆಕ್ಸೈಡ್ ಪದರದ್ದು. ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೂ ಅದೇ ಬಣ್ಣ ಬರುತ್ತದೆ, ಎಣ್ಣೆಯ ಪಸೆ ಇದ್ದರೆ ಬೇರೆಯೇ ಬರುತ್ತದೆ. ಬಾಯಿಯ ಭಾಗ ನೀಲಿಗೆ ಹೋಗಲೇಬಾರದು. ಅದು ಮೆತ್ತಗಾಗುವುದು ಒಂದು ಕಡೆಯಾದರೆ, ಸುಮಾರು 260ರಿಂದ 370 ಡಿಗ್ರಿಯ ನಡುವೆ ಇಂಥ ಉಕ್ಕುಗಳ ತಾಳಿಕೆ ಏರುವ ಬದಲು ಕುಸಿಯುವುದು ಇನ್ನೊಂದು ಕಡೆ, ಎರಡೂ ನಷ್ಟ.

ಟೆಂಪರಿಂಗ್ ಮುಗಿದ ಮೇಲೆ ಕೆಲಸ ಕೆಡಿಸುವುದು ಗ್ರೈಂಡರ್. ಬೆಲ್ಟಿನ ಮೇಲೆ ತೆಳುವಾದ ಅಂಚು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 300 ಡಿಗ್ರಿ ದಾಟುತ್ತದೆ. ಹೊಸ ಬೆಲ್ಟ್ ಹಾಕಿ, ಕೈಗವಸಿಲ್ಲದ ಬೆರಳಿನಿಂದಲೇ ಅಲಗು ಹಿಡಿದು, ಪ್ರತಿ ಎಳೆತಕ್ಕೂ ನೀರಿಗೆ ಅದ್ದಬೇಕು. ಬೆರಳಿಗೆ ಬಿಸಿ ತಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಅಂಚಿನಲ್ಲಿ ನೀಲಿ ಗೆರೆ ಕಂಡರೆ ಅದು ಕಲೆಯಲ್ಲ, ಅಷ್ಟು ಜಾಗದ ಹದ ಹೋಗಿದೆ. ನೀಲಿ ಇರುವಷ್ಟನ್ನೂ ಉಜ್ಜಿ ತೆಗೆಯದೆ ಅಲ್ಲಿ ಹರಿತ ನಿಲ್ಲದು.

ಹರಿತ ಮಾಡಿದ ಅಲಗನ್ನು 5 ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳಿನ ಮೇಲೆ ಹರಿತ ಮಾಡುವ ಓರೆಯಲ್ಲೇ ಇಟ್ಟು, ಒತ್ತಿ ಎಳೆದು ನೋಡಬೇಕು. ಬಾಯಿಯ ಅಂಚು ಸರಳಿನ ಮೇಲೆ ಸ್ವಲ್ಪ ಬಾಗಿ, ಬಿಟ್ಟಾಗ ನೇರವಾದರೆ ಹದ ಸರಿಯಿದೆ. ಚಕ್ಕೆ ಎದ್ದರೆ ಇನ್ನೂ 10ರಿಂದ 15 ಡಿಗ್ರಿ ಏರಿಸಿ ಮತ್ತೊಂದು ಟೆಂಪರಿಂಗ್ ಸಾಕು. ಬಾಗಿದ್ದು ಬಾಗಿದಂತೆ ನಿಂತರೆ, ಮೊದಲು ಅಂಚನ್ನು ಅರ್ಧ ಮಿಲಿಮೀಟರ್ ಒಳಕ್ಕೆ ಉಜ್ಜಿ ಮತ್ತೆ ಪರೀಕ್ಷಿಸಬೇಕು. ಇಂಗಾಲ ಕಳೆದುಕೊಂಡ ಪದರ ಅಷ್ಟರಲ್ಲಿ ಹೋಗಿರುತ್ತದೆ. ಆಗಲೂ ಬಾಗಿ ನಿಂತರೆ ಮತ್ತೆ ಹದ ಹಾಕಬೇಕು, ಆದರೆ ನೇರವಾಗಿ ಅಲ್ಲ. ಒಮ್ಮೆ ಗಟ್ಟಿಯಾದ ಉಕ್ಕನ್ನು ಹಾಗೆಯೇ ಕಾಯಿಸಿ ಮತ್ತೆ ತಣಿಸಿದರೆ ಬಿರುಕಿನ ಸಂಭವ ಹೆಚ್ಚು. ನಾರ್ಮಲೈಸಿಂಗ್‌ನ ಮೂರೂ ಸುತ್ತು ಮುಗಿಸಿ, ಆಮೇಲೆ 815ಕ್ಕೆ ಏರಿಸಬೇಕು. ಹೀಗೆ ಮಾಡುವುದಕ್ಕೂ ಮಿತಿಯಿದೆ. ಪ್ರತಿ ಸಲ ಕುಲುಮೆಗೆ ಹೋದಾಗಲೂ ಮೇಲಿನಿಂದ ಸ್ವಲ್ಪ ಇಂಗಾಲ ಸುಟ್ಟು, ಅಷ್ಟು ದಪ್ಪ ಉಜ್ಜಿ ಕಳೆಯಬೇಕಾಗುತ್ತದೆ. ಎರಡು ಸಲಕ್ಕೂ ಹದ ಹತ್ತದ ಅಲಗಿನ ಉಕ್ಕನ್ನೇ ಸಂಶಯಿಸಬೇಕು, ಅದರಿಂದ ಒಂದು ತುಂಡು ಕತ್ತರಿಸಿ ತಣಿಸಿ ಮುರಿದು ನೋಡಿದ ಮೇಲೆಯೇ ಮುಂದಿನ ಮಾತು.

ಇತಿ ನಿಮ್ಮ ವಿಶ್ವಾಸಿ,
ಚಾಕು ತಯಾರಿಸುವ ಒಬ್ಬ ಓದುಗ